ಹಾಬರ್ಮಾಸ್, ಜೀನ್ ಮತ್ತು ದೇವರು: ಜೊತೆಗೆ ಓದುವವರಿಗೆ ಟಿಪ್ಪಣಿ

ಜರ್ಮನ್ ತತ್ವಜ್ಞಾನಿ ಯೂರ್ಗೆನ್ ಹಾಬರ್ಮಾಸ್ ಅಂದರೆ ಸಾರ್ವಜನಿಕ ವಲಯ, ಸಂವಾದ, ಅಷ್ಟೇ ಎಂದುಕೊಂಡು ಮುಂದಕ್ಕೆ ಹೋಗುವವರು ಜಾಸ್ತಿ. ಧರ್ಮ, ತಂತ್ರಜ್ಞಾನ, ಮನುಷ್ಯ ಸ್ವಭಾವ ಮೂರೂ ಒಂದೇ ವಾದದಲ್ಲಿ ಸೇರುವುದನ್ನು ನೋಡಬೇಕಾದರೆ ಅವರು 2001ರಲ್ಲಿ ಹೇಳಿದ್ದನ್ನು ಓದಬೇಕು. ಆ ವರ್ಷ ಮನುಷ್ಯ ಸ್ವಭಾವದ ಭವಿಷ್ಯದ ಬಗ್ಗೆ ಅವರ ಪುಟ್ಟ ಪುಸ್ತಕ ಜರ್ಮನ್‌ನಲ್ಲಿ ಬಂತು. ಅದೇ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್ ದಾಳಿ ನಡೆದು ತಿಂಗಳಾಗಿತ್ತಷ್ಟೇ, ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನ್ ಪುಸ್ತಕ ವ್ಯಾಪಾರಿಗಳ ಶಾಂತಿ ಪ್ರಶಸ್ತಿ ಪಡೆಯುವಾಗ ನಂಬಿಕೆ ಮತ್ತು ಅರಿವಿನ ಬಗ್ಗೆ ಮಾತಾಡಿದರು. ಎರಡನ್ನೂ ಜೊತೆಗಿಟ್ಟು ಓದಿ. ಪುಸ್ತಕವನ್ನಷ್ಟೇ ಓದಿದರೆ ಧರ್ಮ ಎಲ್ಲಿ ಬಂತು ಅಂತ ಗೊತ್ತಾಗುವುದಿಲ್ಲ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಮನುಷ್ಯರ ತಳಿ ಸುಧಾರಣೆಯ ಮಾತು ಬಂದರೆ ನಾಜಿ ಕಾಲ ನೆನಪಾಗದೆ ಇರುವುದಿಲ್ಲ. 1933ರ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತವಾಗಿ ಮಕ್ಕಳಾಗದಂತೆ ಆಪರೇಷನ್ ಮಾಡಿದ್ದರು. ಹಾಗಾಗಿ 1999ರಲ್ಲಿ ಇನ್ನೊಬ್ಬ ಜರ್ಮನ್ ತತ್ವಜ್ಞಾನಿ ಪೀಟರ್ ಸ್ಲೋಟರ್ಡೈಕ್, ಪುಸ್ತಕಗಳು ಮನುಷ್ಯನನ್ನು ಪಳಗಿಸುವ ಕಾಲ ಮುಗಿಯಿತು, ಇನ್ನು ಮನುಷ್ಯನನ್ನು ರೂಪಿಸುವ ತಂತ್ರಗಳಿಗೆ ನಿಯಮ ಹುಡುಕಬೇಕು ಎಂಬ ಅರ್ಥದಲ್ಲಿ ಮಾತಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಯಿತು. ಆದರೆ ಹಾಬರ್ಮಾಸ್ ಪುಸ್ತಕದ ಗುರಿ ಸರ್ಕಾರದ ಬಲವಂತವಲ್ಲ, ಇದನ್ನು ನೆನಪಿಡಿ. ತಂದೆತಾಯಿ ಪ್ರೀತಿಯಿಂದಲೇ, ದುಡ್ಡು ಕೊಟ್ಟು, ಹುಟ್ಟಲಿರುವ ಮಗುವಿನ ಗುಣಗಳನ್ನು ತಾವೇ ಆರಿಸುವುದು ಅವರ ಚಿಂತೆ. ಉದಾರವಾದಿ ಯುಜೆನಿಕ್ಸ್ (ಯುಜೆನಿಕ್ಸ್ ಅಂದರೆ ಮನುಷ್ಯರ ತಳಿ ಸುಧಾರಣೆ) ಅನ್ನುವುದು ಇದಕ್ಕೇ.

ಇದರ ಪರ ಇರುವವರ ಪ್ರಶ್ನೆ ಸುಲಭದ್ದಲ್ಲ. ಮಗುವನ್ನು ಸಂಗೀತಕ್ಕೆ ಸೇರಿಸುತ್ತೀರಿ, ಟ್ಯೂಷನ್‌ಗೆ ಹಾಕುತ್ತೀರಿ, ಅದೂ ಮಗುವನ್ನು ಕೇಳದೆಯೇ. ಜೀನ್ ತಿದ್ದಿದರೆ ಏನು ವ್ಯತ್ಯಾಸ, ಅಲ್ವಾ?

ಹಾಬರ್ಮಾಸ್ ಉತ್ತರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿದೆ, ಇಲ್ಲಿ ನಿಧಾನವಾಗಿ ಓದಿ. ಸಂಗೀತಕ್ಕೆ ಹಾಕಿದ ಹುಡುಗಿ ಹದಿನಾರಕ್ಕೆ ಬಂದಾಗ 'ನನಗಿದು ಬೇಡ' ಅನ್ನಬಹುದು. ಜಗಳವಾಡಬಹುದು, ಬಿಡಬಹುದು, ಇಲ್ಲವೇ ಈಗ ಇದು ನನ್ನದೇ ಅಂತ ಒಪ್ಪಿಕೊಳ್ಳಬಹುದು. ಸಾಕುವುದು, ಬೆಳೆಸುವುದು ಮಾತಿನ ಮೂಲಕ ನಡೆಯುತ್ತದೆ, ಅದಕ್ಕೇ ಅದಕ್ಕೆ ಎದುರು ಮಾತೂ ಸಾಧ್ಯ. ಜೀನ್ ತಿದ್ದುವಾಗ ಎದುರಿಗೆ ಯಾರೂ ಇರುವುದಿಲ್ಲ. ಒಬ್ಬರ ಆಸೆ ಇನ್ನೊಬ್ಬರ ದೇಹದೊಳಗೆ ಕೂತುಬಿಡುತ್ತದೆ, ಮುಂದೆ ಆ ಮಗು ದೊಡ್ಡದಾಗಿ ತಂದೆತಾಯಿಯ ಜೊತೆ ಎಷ್ಟೇ ವಾದ ಮಾಡಿ ಗೆದ್ದರೂ ಆ ನಿರ್ಧಾರ ಇದ್ದ ಹಾಗೇ ಇರುತ್ತದೆ. ದೇಹಕ್ಕೆ ಹಾನಿಯಾಗುತ್ತದೆ ಅಂತ ಅವರು ಹೇಳುತ್ತಿಲ್ಲ. ತನ್ನ ಬದುಕನ್ನು ತಾನೇ ಬರೆಯುತ್ತಿದ್ದೇನೆ ಎಂಬ ಭಾವಕ್ಕೆ ಪೆಟ್ಟು ಬೀಳುತ್ತದೆ, ಹುಟ್ಟಿದವರೆಲ್ಲ ಒಂದೇ ಸಾಲಿನವರು ಎಂಬ ಸಮಾನತೆಗೆ ಪೆಟ್ಟು ಬೀಳುತ್ತದೆ, ಇದು ಅವರ ಮಾತು. ಪ್ರತಿ ಹುಟ್ಟೂ ಹೊಸ ಶುರುವಾತು ಎಂಬ, ಚಿಂತಕಿ ಹಾನ್ನಾ ಅರೆಂಟ್ ಅವರ ವಿಚಾರವನ್ನು ಅವರು ಇಲ್ಲಿ ಬಳಸುತ್ತಾರೆ: ಆ ಶುರುವಾತು ಇನ್ನೊಬ್ಬ ಮನುಷ್ಯನ ಕೈಯಲ್ಲಿ ಇರಬಾರದು.

ಹಾಗಂತ ಎಲ್ಲಕ್ಕೂ ಬೇಡ ಅನ್ನುವುದಿಲ್ಲ. ತೀವ್ರವಾದ ಕಾಯಿಲೆ ತಪ್ಪಿಸುವುದಕ್ಕೆ ಮಾಡಿದರೆ, ಮಗು ಮುಂದೆ ಖಂಡಿತ ಒಪ್ಪುತ್ತದೆ ಎಂದು ನಾವು ಊಹಿಸಬಹುದು. ಚಿಕಿತ್ಸೆಗೂ ಸುಧಾರಣೆಗೂ ನಡುವೆ ಅವರು ಎಳೆಯುವ ಗೆರೆ ಇದೇ.

ಈಗ ದೇವರು. ಕೆಲವರಿಗೆ ಸಂಗೀತದ ಕಿವಿ ಇರುವುದಿಲ್ಲವಲ್ಲ, ಹಾಗೆ ತನಗೆ ಧರ್ಮದ ಕಿವಿಯಿಲ್ಲ ಎಂಬ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಮಾತನ್ನು ಹಾಬರ್ಮಾಸ್ ತಮಗೂ ಹಚ್ಚಿಕೊಂಡವರು. ಆದರೂ ಫ್ರಾಂಕ್‌ಫರ್ಟ್ ಭಾಷಣದ ಕೊನೆಗೆ ಬೈಬಲ್‌ನ ಆದಿಕಾಂಡ 1:27 ತರುತ್ತಾರೆ, ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಸೃಷ್ಟಿಸಿದ ಎಂಬ ಸಾಲು. ಇದನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಅವರ ಓದು ಹೀಗಿದೆ: ಸೃಷ್ಟಿಸಿದವನಿಗೂ ಸೃಷ್ಟಿಯಾದವನಿಗೂ ಮುಚ್ಚಲಾಗದ ಅಂತರ ಇರುವುದರಿಂದಲೇ ಮನುಷ್ಯನ ಸ್ವಾತಂತ್ರ್ಯ ಉಳಿಯುತ್ತದೆ. ಆ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬಂದು ಕೂತರೆ? ಅವನು ನಮ್ಮ ಸಮಾನ. ಸಮಾನನೊಬ್ಬ ನಮ್ಮನ್ನು ರೂಪಿಸಿದ ಕ್ಷಣವೇ ಸಮಾನತೆ ಹೋಯಿತು. ದೇವರನ್ನು ನಂಬದವರಿಗೂ ಈ ಮಾತು ಅರ್ಥವಾಗುತ್ತದೆ, ಹಾಗಾಗಿ ನಂಬಿಕೆಯೊಳಗಿನ ತಿಳಿವಳಿಕೆಯನ್ನು ಎಲ್ಲರೂ ಒಪ್ಪಬಹುದಾದ ಮಾತಿಗೆ ತರಬೇಕು, ಅದು ನಂಬುವವರ ಹೊರೆ ಮಾತ್ರ ಅಲ್ಲ, ನಂಬದವರೂ ಕೈ ಹಾಕಬೇಕು ಅನ್ನುತ್ತಾರೆ. 2004ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಕಾರ್ಡಿನಲ್ ರಾಟ್ಜಿಂಗರ್ ಜೊತೆ (ಮರುವರ್ಷ ಅವರೇ ಪೋಪ್ ಆದರು) ನಡೆದ ಚರ್ಚೆಯಲ್ಲೂ ಈ ಎಳೆ ಇದೆ.

ಹಾಬರ್ಮಾಸ್ ವಾದಕ್ಕೆ ಬಂದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಬ್ರಿಟಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ ಅವರ ಹಳೆಯ ಒಗಟಿನಿಂದ ಬರುತ್ತದೆ: ಯಾವ ನಿರ್ಧಾರ ಇಲ್ಲದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲವೋ, ಆ ನಿರ್ಧಾರದಿಂದ ನನಗೆ ಅನ್ಯಾಯವಾಯಿತು ಅನ್ನಬಹುದೇ? 2001ರಲ್ಲಿ ಕೈಗೆ ಸಿಗುತ್ತಿದ್ದ ತಂತ್ರ ತಿದ್ದುವುದಲ್ಲ, ಆರಿಸುವುದು. ಐವಿಎಫ್‌ನಲ್ಲಿ, ಅಂದರೆ ದೇಹದ ಹೊರಗೆ ಗರ್ಭ ಕಟ್ಟಿಸುವಾಗ, ಕೆಲವು ಭ್ರೂಣ ಬೆಳೆಸಿ, ಪರೀಕ್ಷಿಸಿ, ಒಂದನ್ನು ಗರ್ಭಕ್ಕೆ ಬಿಡುತ್ತಾರೆ. ಹಾಗೆ ಹುಟ್ಟಿದ ಮಗು 'ನನ್ನನ್ನು ಹೀಗೇಕೆ ಮಾಡಿದಿರಿ' ಎಂದು ಕೇಳುವ ಹಾಗಿಲ್ಲ, ಬೇರೆ ಭ್ರೂಣ ಆರಿಸಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಇಲ್ಲಿ ಹಾಬರ್ಮಾಸ್ ವಾದ ಸೋಲುತ್ತದೆ ಅಂತಲೇ ನನಗೆ ಅನಿಸುತ್ತದೆ.

ನಮ್ಮ ದೇಶದ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಇಲ್ಲಿಗೆ ಎಳೆದು ತರಬೇಡಿ. 1994ರ ಆ ಕಾಯ್ದೆ 2003ರ ತಿದ್ದುಪಡಿಯ ನಂತರ ಗರ್ಭ ನಿಲ್ಲುವ ಮೊದಲೇ ಲಿಂಗ ಆರಿಸುವುದನ್ನೂ ನಿಷೇಧಿಸುತ್ತದೆ, ನಿಜ. ಆದರೆ ಅದು ಕಾಪಾಡುತ್ತಿರುವುದು ಆರಿಸಿ ಹುಟ್ಟಿಸಿದ ಗಂಡು ಮಗುವಿನ ಸ್ವಾತಂತ್ರ್ಯವನ್ನಲ್ಲ, ಹುಟ್ಟಲು ಬಿಡದ ಹೆಣ್ಣು ಮಕ್ಕಳನ್ನು. ಕಾರಣವೇ ಬೇರೆ.

ಆದರೆ 2012ರಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ಎಂಬ ತಂತ್ರ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಅದೇ ಭ್ರೂಣವನ್ನು ತಿದ್ದಬಹುದು, ಪಾರ್ಫಿಟ್ ಆಕ್ಷೇಪ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಆಗ ಹೊಂದದ ವಾದ ಈಗ ಹೊಂದುತ್ತಿದೆ, ಈ ಟಿಪ್ಪಣಿ ಬರೆಯಲು ನನಗೆ ಕಾರಣವೇ ಅದು. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೇ ಜಿಯಾನ್‌ಕುಯಿ, ಜೀನ್ ತಿದ್ದಿದ ಅವಳಿ ಹೆಣ್ಣು ಮಕ್ಕಳು ಹುಟ್ಟಿದ್ದಾರೆ ಎಂದು ಹೇಳಿದರು. ಮಕ್ಕಳಿಗೆ ಎಚ್‌ಐವಿ ತಗುಲದಂತೆ ಸಿಸಿಆರ್5 ಎಂಬ ಜೀನ್ ಅನ್ನು ಕೆಡಿಸುವುದು ಉದ್ದೇಶವಾಗಿತ್ತು. ಮರುವರ್ಷ ಕೋರ್ಟ್ ಅವರಿಗೆ 3 ವರ್ಷ ಜೈಲು ವಿಧಿಸಿತು. ಇದಕ್ಕೆ ಹಾಬರ್ಮಾಸ್ ಅಳತೆ ಹಚ್ಚಿ ನೋಡಿ. ಸೋಂಕು ಇದ್ದದ್ದು ತಂದೆಗೆ. ವೀರ್ಯವನ್ನು ತೊಳೆದು ಐವಿಎಫ್ ಮಾಡಿದರೆ ಮಗುವಿಗೆ ಸೋಂಕು ದಾಟದಂತೆ ತಡೆಯುವ ದಾರಿ ಮೊದಲೇ ಇತ್ತು. ಭ್ರೂಣಗಳಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಹಾಗಾದರೆ ಆ ಮಕ್ಕಳು ಮುಂದೆ ಖಂಡಿತ ಒಪ್ಪುತ್ತಾರೆ ಎಂದು ಯಾವ ಆಧಾರದ ಮೇಲೆ ಊಹಿಸುವುದು? ಅವರಿಗೆ ಮಕ್ಕಳಾದರೆ ಆ ಬದಲಾವಣೆ ಆ ಮಕ್ಕಳಿಗೂ ದಾಟಬಹುದು, ಅವರ ಪರವಾಗಿ ಯಾರು ಹೂಂ ಅಂದದ್ದು?