ಪದ್ಯ ಹಳೆಯದಾದರೆ ಅರ್ಥ ಹೇಳುವವರು ಯಾರು?

ಕೊಯ್ಲು ಮುಗಿದ ಗದ್ದೆಯಲ್ಲಿ ಕಟೀಲು ಯಕ್ಷಗಾನ ಮೇಳದ ದೇವಿಮಹಾತ್ಮೆ. ಮಹಿಷಾಸುರ ರಂಗಸ್ಥಳದ ಎದುರಿನಿಂದ ಬರುವುದಿಲ್ಲ, ಪ್ರೇಕ್ಷಕರ ಬೆನ್ನ ಹಿಂದಿನ ಕತ್ತಲಿನಿಂದ ಬರುತ್ತಾನೆ. ಇದು ಎಲ್ಲರಿಗೂ ಗೊತ್ತು. ಆದರೂ ದೊಂದಿಗೆ ಎರಚಿದ ರಾಳ ಭಗ್ಗೆಂದು ಉರಿದು, ಆ ಬೆಳಕಿನಲ್ಲಿ ಎರಡು ಕೋಡು ಕಾಣಿಸಿಕೊಂಡಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ, ದೊಡ್ಡವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಹರಕೆಯ ಆಟಕ್ಕಾಗಿ ವರ್ಷಗಟ್ಟಲೆ ಕಾಯುವ ನಮ್ಮೂರುಗಳಲ್ಲಿ 'ಇದೇ ಪ್ರಸಂಗ ಮತ್ತೆ ಏಕೆ' ಎಂದು ಯಾರೂ ಕೇಳಿದ್ದಿಲ್ಲ. ಹಳೆಯ ಹಾರರ್ ಚಿತ್ರವೊಂದರ ರೀಮೇಕ್ ಪ್ರಕಟವಾದರೆ ಮಾತ್ರ ನಾವೇ ಮೊದಲು ಮೂಗು ಮುರಿಯುತ್ತೇವೆ.

ಯಕ್ಷಗಾನದಲ್ಲಿ ಪದ್ಯ ಕವಿಯದು, ಅರ್ಥ ವೇಷಧಾರಿಯದು. ಭಾಗವತರು ಹಾಡುವ ಸಾಲು ಬದಲಾಗುವುದಿಲ್ಲ. ಅದನ್ನು ಹಿಡಿದು ಕಲಾವಿದ ಆ ರಾತ್ರಿ ಆಡುವ ಮಾತು ಅವನ ಸ್ವಂತದ್ದು. ರೀಮೇಕ್ ಬೇಕೇ ಬೇಡವೇ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಭಯದ ಚಿತ್ರಗಳ ಚರಿತ್ರೆಯಲ್ಲಿ ಮರುಹೇಳಿಕೆ ಮೊದಲಿನಿಂದಲೂ ಇದೆ. 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು' ಅನುಮತಿಯಿಲ್ಲದೆ ಎತ್ತಿಕೊಂಡ ಡ್ರಾಕುಲಾ ಕಥೆ. ಲೇಖಕನ ಪತ್ನಿ ಕೋರ್ಟಿಗೆ ಹೋಗಿ ಗೆದ್ದರು, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂಬ ಆದೇಶವೂ ಆಯಿತು. ಚಿತ್ರ ಹೇಗೋ ಉಳಿಯಿತು. 1979ರಲ್ಲಿ ಮತ್ತು 2024ರಲ್ಲಿ ಮತ್ತೆ ಹುಟ್ಟಿತು. ಇನ್ನೊಂದು ತುದಿಯಲ್ಲಿ ಹಿಚ್‌ಕಾಕ್‌ನ 'ಸೈಕೋ' ಇದೆ. 1960ರ ಆ ಕಪ್ಪು ಬಿಳುಪು ಚಿತ್ರವನ್ನು 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಬಹುಮಟ್ಟಿಗೆ ಅದೇ ಚಿತ್ರಕಥೆ, ಅದೇ ಸಂಗೀತ, ಅದೇ ದೃಶ್ಯಜೋಡಣೆ ಇಟ್ಟುಕೊಂಡು ಬಣ್ಣದಲ್ಲಿ ತೆಗೆದರು. ಭಯ ಮಾತ್ರ ಬರಲಿಲ್ಲ. ಪದ್ಯದ ಜೊತೆಗೆ ಬೇರೊಬ್ಬರ ಅರ್ಥವನ್ನೂ ಬಾಯಿಪಾಠ ಮಾಡಿ ಒಪ್ಪಿಸಿದ ಹಾಗಾಯಿತು.

ಜಾನ್ ಕಾರ್ಪೆಂಟರ್ 1982ರಲ್ಲಿ ಮಾಡಿದ್ದು ಬೇರೆ. ಅವರು ಮತ್ತೆ ತೆಗೆಯಲು ಹೊರಟ 1951ರ ಚಿತ್ರದಲ್ಲಿ ಹಿಮದಿಂದ ಎದ್ದ ಅನ್ಯಗ್ರಹದ ಜೀವಿ ಒಬ್ಬ ದೈತ್ಯ ಮಾತ್ರ. ಕಾರ್ಪೆಂಟರ್ 'ದಿ ಥಿಂಗ್'ಗಾಗಿ ಆ ಚಿತ್ರವನ್ನು ದಾಟಿ, ಅದಕ್ಕೂ ಹಿಂದಿನ 1938ರ ಕಥೆಗೆ ಹೋದರು. ಅಲ್ಲಿ ಆ ಜೀವಿ ಯಾರ ರೂಪವನ್ನಾದರೂ ತಾಳಬಲ್ಲದು. ಪಕ್ಕದಲ್ಲಿ ಕುಳಿತ ಗೆಳೆಯ ಗೆಳೆಯನೇ ಎಂದು ನಂಬುವಂತಿಲ್ಲ. ಬಿಡುಗಡೆಯಾದಾಗ ವಿಮರ್ಶಕರು ಕಟುವಾಗಿ ಬೈದ ಈ ಚಿತ್ರ ಇಂದು ಮೂಲಕ್ಕಿಂತ ಹೆಚ್ಚು ಜನರ ನೆನಪಿನಲ್ಲಿದೆ.

ಕನ್ನಡದ ದಾರಿಗೆ ಬೇರೆಯೇ ಕಾರಣವಿತ್ತು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರ ಹೋರಾಟದ ನಂತರ ಇಲ್ಲಿ ಡಬ್ಬಿಂಗ್ ನಿಂತುಹೋಯಿತು. ಹೊರಗಿನ ಕಥೆ ಕನ್ನಡದಲ್ಲಿ ಬರಬೇಕಾದರೆ ಅದನ್ನು ಕನ್ನಡದಲ್ಲೇ ಮತ್ತೆ ಕಟ್ಟಬೇಕಿತ್ತು. ಎಷ್ಟೋ ಸಪ್ಪೆ ರೀಮೇಕ್‌ಗಳು ಹುಟ್ಟಿದ್ದು ಈ ಅನಿವಾರ್ಯದಿಂದ. 'ಆಪ್ತಮಿತ್ರ' ಹುಟ್ಟಿದ್ದೂ ಡಬ್ಬಿಂಗ್ ಇಲ್ಲದ ಆ ಕಾಲದಲ್ಲೇ.

ಅದರ ಮೂಲವಾದ ಫಾಸಿಲ್ ಅವರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' ತೆರೆಗೆ ಬಂದದ್ದು 1993ರಲ್ಲಿ. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಮಲಯಾಳಂ ಬಲ್ಲವರಿಗೆ ಕೊರತೆಯಿಲ್ಲ. ಹಾಗಾಗಿ 2004ರಲ್ಲಿ ಪಿ. ವಾಸು ಅದನ್ನು 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ತಂದಾಗ, ಕೊನೆಯ ಬಾಗಿಲಿನ ಹಿಂದೆ ಏನಿದೆ ಎಂಬುದನ್ನು ಮೊದಲೇ ತಿಳಿದಿದ್ದವರು ನಮ್ಮ ಊರಿನಲ್ಲಿ ಬಹಳ. ಆದರೂ ಚಿತ್ರ ಹಿಡಿದಿಟ್ಟಿತು. ಅದಕ್ಕೆ ಒಂದು ಕಾರಣ ಭಾಷೆ. ಮಲಯಾಳಂನಲ್ಲಿ ಸೊಸೆಯ ಮೈಮೇಲೆ ಬಂದಂತೆ ಕಾಣುವ ನಾಗವಲ್ಲಿ ತಂಜಾವೂರಿನ ನರ್ತಕಿ, ಅವಳ ಮಾತು ತಮಿಳು. ಕನ್ನಡದಲ್ಲಿ ಅವಳು ತೆಲುಗಿನಲ್ಲಿ ಗರ್ಜಿಸಿದಳು. ತಮಿಳಿನ 'ಚಂದ್ರಮುಖಿ'ಯಲ್ಲೂ ತೆಲುಗೇ. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳಿ. ಮನೆಯ ಸೊಸೆ ಇದ್ದಕ್ಕಿದ್ದಂತೆ ಪರನಾಡಿನ ನುಡಿಯಲ್ಲಿ ಮಾತನಾಡುವುದೇ ಈ ಕಥೆಯ ನಡುಕ; ಯಾವ ನುಡಿ ಎಂಬುದನ್ನು ಆಯಾ ನಾಡು ತಾನೇ ಆರಿಸಿಕೊಳ್ಳಬೇಕು. ತೆಲುಗು ತೆರೆಯಲ್ಲಿ ಮೆರೆದ ಕನ್ನಡತಿ ಸೌಂದರ್ಯ ಆ ಪಾತ್ರಕ್ಕೆ ಒದಗಿದ್ದು ಪುಣ್ಯ. 'ರಾ ರಾ' ಹಾಡಿಗೆ ರಾಗ ಹಾಕಿದವರು ನಮ್ಮ ಮಂಗಳೂರಿನ ಗುರುಕಿರಣ್. ಆ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡರು, ಆಗಸ್ಟ್‌ನಲ್ಲಿ ಚಿತ್ರ ಬಿಡುಗಡೆಯಾಯಿತು. ಇನ್ನಿಲ್ಲದ ಹೆಣ್ಣೊಬ್ಬಳು ತೆರೆಯ ಮೇಲೆ ಕಣ್ಣರಳಿಸಿ ಕುಣಿಯುವುದನ್ನು ನೋಡಿದವರಿಗೆ ಆ ಸಂಕಟ ಮೂಲ ಚಿತ್ರದಲ್ಲಿ ಸಿಗುವಂಥದ್ದಲ್ಲ.

ಅದೇ ಚಿತ್ರದ ದೊಡ್ಡ ಹಾವನ್ನು ಮಾತ್ರ ನನಗೆ ಒಪ್ಪಿಕೊಳ್ಳಲು ಆಗಿಲ್ಲ. ಮೂಲದಲ್ಲಿ ಇಲ್ಲದ ಆ ಹಾವು ಕಥೆಗೆ ಏನನ್ನೂ ಕೊಡುವುದಿಲ್ಲ. ನಾಗಬನಕ್ಕೆ ಹಾಲು, ಸೀಯಾಳದ ತನು ಎರೆಯುವ ಊರಿನವರಿಗೆ ಹಾವು ಬೆದರುಬೊಂಬೆಯಾಗಿ ಕಾಣುವುದು ಕಷ್ಟ. ಕರಾವಳಿಯಲ್ಲಿ ಭಯಕ್ಕೇ ಬೇರೆ ಲೆಕ್ಕವಿದೆ. ಇಲ್ಲಿ ಭೂತವೆಂದರೆ ದೆವ್ವವಲ್ಲ, ನಂಬಿದವರನ್ನು ಕಾಯುವ ದೈವ. ತೀರಿಕೊಂಡವರು ತುಳುವಿನಲ್ಲಿ ಕುಲೆಗಳು. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿಗೆ ಮದುವೆಯನ್ನೂ ಮಾಡಿಸುತ್ತೇವೆ. ಜಪಾನಿನ 'ರಿಂಗು' ಚಿತ್ರದ ಬಾವಿಯಿಂದ ಎದ್ದು ಬರುವ ಹೆಣ್ಣನ್ನು ಹಾಗೆಯೇ ತಂದು ಇಲ್ಲಿಯ ಅಂಗಳದ ಬಾವಿಯಲ್ಲಿ ಇಳಿಸಿದರೆ ಸಾಲದು. ಅವಳನ್ನು ಕಂಡ ಇಲ್ಲಿಯ ಅಜ್ಜಿ ಓಡಿಹೋಗುವುದಿಲ್ಲ. 'ಇವಳಿಗೆ ಯಾರೂ ಬಡಿಸಿಲ್ಲವೇ' ಎಂದು ಕೇಳುತ್ತಾಳೆ. ರೀಮೇಕ್ ಮಾಡುವವನು ಕಥೆಯನ್ನು ಆ ಪ್ರಶ್ನೆಯಿಂದಲೇ ಹೊಸದಾಗಿ ಹೊಸೆಯಬೇಕು.

ಈಗ ಹಳೆಯ ಅನಿವಾರ್ಯವೂ ಹೋಗಿದೆ. ಡಬ್ಬಿಂಗ್ ತಡೆಯುವುದು ತಪ್ಪೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಡಬ್ಬಿಂಗ್ ಮರಳಿತು. 'ಮಣಿಚಿತ್ರತ್ತಾಳ್' 2024ರಲ್ಲಿ 4ಕೆ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಮೂಲವೇ ಕೈಗೆ ಸಿಗುವಾಗ ನಕಲಿನ ಕೆಲಸ ಮುಗಿಯಿತು. ಅರ್ಥ ಹೇಳಬಲ್ಲವರ ಕೆಲಸ ಮುಗಿದಿಲ್ಲ.

ನನಗೊಂದು ಆಸೆಯಿದೆ. ಅನಂತನಾಗ್ ಮೈಮೇಲೆ ಹೆಣ್ಣಿನ ಪ್ರೇತ ಬರುವ 1979ರ 'ನಾ ನಿನ್ನ ಬಿಡಲಾರೆ'ಯನ್ನು ಯಾರಾದರೂ ಕರಾವಳಿಯ ಹಳೆಯ ಗುತ್ತಿನ ಮನೆಯೊಂದಕ್ಕೆ, ಊರ ಹಿರಿತನದ ಮನೆಯೊಂದಕ್ಕೆ, ತರಬೇಕು. ತುಳು, ಕನ್ನಡ, ಕೊಂಕಣಿ, ಬ್ಯಾರಿ ದಿನವೂ ಕಿವಿಗೆ ಬೀಳುವ ಊರಿನಲ್ಲಿ ಪರಭಾಷೆ ಕೇಳಿ ಯಾರೂ ಬೆಚ್ಚುವುದಿಲ್ಲ. ಆ ಪ್ರೇತ ಹಳೆಯ ತುಳುವಿನಲ್ಲಿ ಮಾತನಾಡಲಿ, ಪಾಡ್ದನವೆಂಬ ಹಾಡುಗತೆಗಳಲ್ಲಿ ಮಾತ್ರ ಉಳಿದಿರುವ ತುಳುವಿನಲ್ಲಿ. ಮನೆಯ ಮಕ್ಕಳಿಗೆ ಒಂದಕ್ಷರವೂ ತಿಳಿಯದೆ, ಎಲ್ಲರೂ ಮೂಲೆಯಲ್ಲಿ ಕುಳಿತ ಅಜ್ಜಿಯ ಕಡೆ ತಿರುಗಲಿ.