ಲಕ್ಷದ ಕಿರೀಟ ಅಮೆರಿಕಕ್ಕೆ ಕಳ್ಸುವಾಗ "ಗಿಫ್ಟ್" ಅಂತ ಬರೀಬಹುದಾ?

ಪ್ರಶ್ನೆ: ನಮ್ದು ಶಿರಸಿ ಹತ್ರ. ಅಪ್ಪ ಶಿವನೆ ಮರದಲ್ಲಿ ಬಡಗುತಿಟ್ಟು ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲಾ ಮಾಡ್ತಾರೆ. ಆನ್‌ಲೈನಲ್ಲಿ ಫೋಟೋ ನೋಡಿ ನ್ಯೂಜೆರ್ಸಿಯವ್ರೊಬ್ರು ಒಂದು ಸೆಟ್ ಕೇಳಿದಾರೆ, 1,10,000 ರೂಪಾಯಿಗೆ ಮಾತಾಗಿದೆ. ಈಗ ಅವ್ರು "ಗಿಫ್ಟ್ ಅಂತ ಹಾಕಿ, ಬೆಲೆ ಮೂರ್ನಾಲ್ಕು ಸಾವಿರ ಬರೀರಿ, ನಂಗೆ ಸುಂಕ ಉಳಿಯತ್ತೆ" ಅಂತಿದಾರೆ. ಹಂಗೆ ಮಾಡಬಹುದಾ? ಸೇಫಾಗಿ ಕಳ್ಸೋಕೆ ಏನ್ ಮಾಡ್ಬೇಕು?

ಉತ್ತರ: ಬೇಡ, ದಯವಿಟ್ಟು ಹಂಗೆ ಮಾಡ್ಬೇಡಿ. ಗಿರಾಕಿ ಒಳ್ಳೆಯವ್ರೇ ಇರಬಹುದು, ಆದ್ರೆ ಆ ಸುಳ್ಳು ಬೆಲೆಯಿಂದ ಲಾಭ ಪೂರ್ತಿ ಅವ್ರಿಗೆ, ನಷ್ಟ ಪೂರ್ತಿ ನಿಮ್ಗೆ. ದಾರೀಲಿ ಪಾರ್ಸಲ್ ಕಳೆದ್ರೆ ಅಥವಾ ಒಡೆದ್ರೆ ನಿಮ್ಗೆ ಸಿಗೋದು ಕಾಗದದ ಮೇಲೆ ಬರೆದ ಬೆಲೆ ಲೆಕ್ಕದಲ್ಲೇ, ಅಪ್ಪ ತಿಂಗಳುಗಟ್ಲೆ ಕೂತು ಕೆತ್ತಿದ್ದಕ್ಕೆ ನಾಲ್ಕು ಸಾವಿರ. ಕಸ್ಟಮ್ಸ್‌ನವ್ರು ಬಿಚ್ಚಿ ನೋಡಿ ಅನುಮಾನ ಬಂದ್ರೆ ಮಾಲು ಅಲ್ಲೇ ನಿಲ್ಲತ್ತೆ, ದಂಡ ಬೀಳಬಹುದು, ಜಪ್ತಿನೂ ಆಗಬಹುದು. ನಾಳೆ ಗಿರಾಕಿನೇ "ಮಾಲು ಸರಿ ಇಲ್ಲ, ದುಡ್ಡು ವಾಪಸ್ ಕೊಡಿ" ಅಂತ ಕಾರ್ಡ್ ಕಂಪನಿಗೆ ದೂರು ಕೊಟ್ರೆ ನೀವು ತೋರ್ಸೋ ಬಿಲ್ಲಲ್ಲೇ ನಾಲ್ಕು ಸಾವಿರ ಅಂತಿರತ್ತೆ.

ಅಮೆರಿಕದಲ್ಲಿ ಮೊದ್ಲು 800 ಡಾಲರ್ ಒಳಗಿನ ಪಾರ್ಸಲ್‌ಗೆ ಸುಂಕ ಇರ್ಲಿಲ್ಲ, 2025ರ ಆಗಸ್ಟ್ 29ರಿಂದ ಆ ರಿಯಾಯ್ತಿ ತೆಗೆದ್ರು. ನಿಜವಾದ ಗಿಫ್ಟ್‌ಗೆ 100 ಡಾಲರ್‌ವರೆಗೆ ವಿನಾಯ್ತಿ ಇದೆ, ಆದ್ರೆ ಮಾರಿದ್ದು ಗಿಫ್ಟ್ ಆಗಲ್ಲ. ಸುಂಕದ ದರ ಈಚೆಗೆ ಪದೇ ಪದೇ ಬದಲಾಗ್ತಿರೋದ್ರಿಂದ ಬುಕ್ ಮಾಡೋ ದಿನ ಕೇಳಿಯೇ ಲೆಕ್ಕ ಹಾಕಿ. ಸುಂಕ ಯಾರು ಕೊಡ್ತಾರೆ ಅನ್ನೋದನ್ನ ದುಡ್ಡು ತಗೊಳ್ಳೋ ಮೊದ್ಲೇ ಬರವಣಿಗೇಲಿ ಒಪ್ಪಿಸ್ಕೊಳ್ಳಿ, ಇಲ್ಲಾಂದ್ರೆ ಅಲ್ಲಿ ಅವ್ರು "ಇಷ್ಟೆಲ್ಲಾ ಕಟ್ಟಲ್ಲ" ಅಂದ್ಬಿಟ್ರೆ ಮಾಲು ವಾಪಸ್ ಬರತ್ತೆ, ಬರೋ ಖರ್ಚು ನಿಮ್ಮ ತಲೆಗೇ. ನನ್ನ ಕೇಳಿದ್ರೆ ಇಲ್ಲೇ ಮುಂಗಡ ಸುಂಕ ಕಟ್ಟಿ ಕಳ್ಸೋದು ಒಳ್ಳೇದು, ಡಿಡಿಪಿ ಅಂತಾರೆ, ಆ ದುಡ್ಡನ್ನ ಬೆಲೇಲೇ ಸೇರ್ಸಿ. 2025ರ ಅಕ್ಟೋಬರ್ 15ರಿಂದ ಅಮೆರಿಕದ ಸೇವೆ ಮತ್ತೆ ಶುರು ಮಾಡಿದಾಗ ನಮ್ಮ ಅಂಚೆ ಇಲಾಖೆನೂ ಬುಕ್ಕಿಂಗ್ ಟೈಮಲ್ಲೇ ಸುಂಕ ತಗೊಳ್ಳೋ ಪದ್ಧತಿನೇ ತಂತು.

ಈಗ ಇನ್ಶೂರೆನ್ಸ್, ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಕೊರಿಯರ್‌ನವ್ರು ತೂಕಕ್ಕೆ ದುಡ್ಡು ತಗೊಳ್ಳೋವಾಗ ಬಾಕ್ಸಿನ ಸೈಜೂ ನೋಡ್ತಾರೆ, ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ನಿಮ್ಮ ಸೆಟ್ಟಿಗೆ 60×50×50 ಬಾಕ್ಸ್ ಬೇಕಾಗತ್ತೆ ಅಂದ್ಕೊಳ್ಳಿ, ಅದು 30 ಕೆಜಿ ಲೆಕ್ಕಕ್ಕೆ ಬರತ್ತೆ, ಶಿವನೆ ಹಗುರ ಮರ ಆದ್ರಿಂದ ನಿಜ ತೂಕ 6 ಕೆಜಿ ಇದ್ರೂ ಸೈತ. ಆದ್ರೆ ಪರಿಹಾರ ಕೊಡೋವಾಗ ನಿಜ ತೂಕ ಹಿಡೀತಾರೆ! ವಿಮಾನದ ಸರಕಿಗೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಕಿಲೋಗೆ 26 ಎಸ್‌ಡಿಆರ್ ಮಿತಿ (ಎಸ್‌ಡಿಆರ್ ಅಂದ್ರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ; ಈ ಮಿತಿ 2024ರ ಡಿಸೆಂಬರ್ 28ರಿಂದ, ಅದಕ್ಕೂ ಮೊದ್ಲು 22 ಇತ್ತು), ಅಂದ್ರೆ ಹೆಚ್ಚುಕಮ್ಮಿ ಮೂರು ಸಾವಿರ ರೂಪಾಯಿ. 6 ಕೆಜಿಗೆ ಹದಿನೆಂಟು ಸಾವಿರದ ಆಸುಪಾಸು, ಲಕ್ಷದ ಮಾಲಿಗೆ! ಹಾಗಾಗಿ ಪೂರ್ತಿ 1,10,000ಕ್ಕೆ ಬೇರೆ ವಿಮೆ ಮಾಡ್ಸಲೇಬೇಕು, ಬುಕ್ಕಿಂಗ್ ಟೈಮಲ್ಲಿ ಕೊರಿಯರ್‌ನವ್ರಿಂದಾದ್ರೂ ಸರಿ, ವಿಮಾ ಕಂಪನಿಯಿಂದ ಮರೈನ್ ಕಾರ್ಗೋ ಪಾಲಿಸಿ ತಗೊಂಡ್ರೂ ಸರಿ, ಅದು ವಿಮಾನದಲ್ಲಿ ಹೋಗೋದಕ್ಕೂ ಆಗತ್ತೆ. ಪಾಲಿಸೀಲಿ ಏನೇನು ಬರಲ್ಲ ಅನ್ನೋ ಪುಟ ಓದಿ, "ಪ್ಯಾಕಿಂಗ್ ಸರಿ ಇರ್ಲಿಲ್ಲ" ಅಂತ ಕ್ಲೇಮ್ ತಳ್ಳಿಹಾಕೋದೇ ಹೆಚ್ಚು.

ಅದಕ್ಕೇ ಪ್ಯಾಕಿಂಗ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಬೇಗಡೆ, ಕನ್ನಡಿ ಚೂರು ಇರೋ ಮೈಗೆ ಬಬಲ್ ರ್‍ಯಾಪ್ ನೇರ ಸುತ್ತಬೇಡಿ, ಬಿಸಿಲಿಗೆ ಪ್ಲಾಸ್ಟಿಕ್ ಬಣ್ಣಕ್ಕೆ ಅಂಟಿ ಗುಳ್ಳೆ ಗುಳ್ಳೆ ಗುರುತು ಬೀಳತ್ತೆ. ಮೊದ್ಲು ತೆಳು ಬಿಳಿ ಕಾಗದ ಅಥವಾ ಮೆತ್ತಗಿನ ಹತ್ತಿ ಬಟ್ಟೆ, ಆಮೇಲೆ ಬಬಲ್. ಕಿರೀಟದ ಒಳಗಿನ ಟೊಳ್ಳಿಗೂ ಕಾಗದ ತುಂಬಿ, ಮೇಲಿಂದ ಭಾರ ಬಿದ್ರೆ ಒಳಗೆ ಆಧಾರ ಇರ್ಲಿ. ಎದ್ದು ನಿಂತಿರೋ ತುದಿಗಳ ಮೇಲೆ ಯಾವ ಒತ್ತಡಾನೂ ಬರಬಾರ್ದು, ಕಿರೀಟದ ಬುಡವನ್ನ ಫೋಮಲ್ಲಿ ಕೊರೆದು ಕೂರ್ಸಿ. ಭುಜಕೀರ್ತಿ, ಎದೆಕಟ್ಟು ಬೇರೆ ಬೇರೆ ಸುತ್ತಿ. ಒಳಗಿನ ಬಾಕ್ಸು, ಅದರ ಸುತ್ತ ಎಲ್ಲಾ ಕಡೆ 5 ಸೆಂಟಿಮೀಟರ್ ಫೋಮು, ಹೊರಗೆ ದಪ್ಪ ಬಾಕ್ಸು. ಮುಚ್ಚಿ ಅಲ್ಲಾಡ್ಸಿದ್ರೆ ಸದ್ದು ಬರಬಾರ್ದು, ಬಂದ್ರೆ ಬಿಚ್ಚಿ ಮತ್ತೆ ಕಟ್ಟಿ. ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ಲ ಮಾರಾಯ್ರೆ, ಮರ ಚೆನ್ನಾಗಿ ಒಣಗದೇ ಕಟ್ಟಿದ್ರೆ ಬೂಷ್ಟು ಹಿಡಿದೇ ತಲುಪೋದು, ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಮಿಲ್ಲಿಂದ ಹಲಗೆ ತಂದು ಪೆಟ್ಟಿಗೆ ಹೊಡ್ಸೋ ಯೋಚ್ನೆ ಇದ್ರೆ ಬಿಡಿ. ಸಾದಾ ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ 15 ಅನ್ನೋ ಅಂತಾರಾಷ್ಟ್ರೀಯ ನಿಯಮ ಇದೆ, ಮರದ ತಿರುಳು 56 ಡಿಗ್ರೀಲಿ 30 ನಿಮಿಷ ಕಾಯಬೇಕು, ಹಂಗೆ ಕಾಯ್ಸಿದ್ದಕ್ಕೆ ಮುದ್ರೆ ಇರ್ಬೇಕು, ಇಲ್ಲಾಂದ್ರೆ ಬಂದರಲ್ಲೇ ವಾಪಸ್. ಪ್ಲೈವುಡ್ಡಿಗೆ ಈ ಕಾಟ ಇಲ್ಲ. ಒಣಹುಲ್ಲು, ಅಡಿಕೆ ಹಾಳೆ ತುರುಕೋದೂ ಬೇಡ.

ಇನ್ನೊಂದು, ಕೃಷ್ಣನ ವೇಷದ ಕಿರೀಟ ಆದ್ರೆ ನವಿಲುಗರಿ ತೆಗೆದು ಕಳ್ಸಿ, ಅದರ ರಫ್ತಿಗೆ ನಿಷೇಧ ಇದೆ. ಬೀಟೆ ಮರಕ್ಕೆ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ನಿಯಮ ಅನ್ವಯ ಆಗತ್ತೆ. ಮನೇಲಿರೋ ಅಜ್ಜನ ಕಾಲದ ಕಿರೀಟ, ಹಿತ್ತಾಳೆ ದೀಪ ಕೇಳಿದ್ರೂ ಹುಷಾರು, 100 ವರ್ಷ ದಾಟಿದ ಕಲಾವಸ್ತುವನ್ನ ಖಾಸಗಿಯವ್ರು ಹೊರದೇಶಕ್ಕೆ ಕಳ್ಸೋದು 1972ರ ಕಾಯ್ದೆ ಪ್ರಕಾರ ಅಪರಾಧ. ಹೊಸದೇ ಆದ್ರೂ ಹಳೇದರಂಗೆ ಕಾಣೋದಿದ್ರೆ ಪುರಾತತ್ವ ಇಲಾಖೆಯಿಂದ "ಪ್ರಾಚ್ಯವಸ್ತು ಅಲ್ಲ" ಅನ್ನೋ ಸರ್ಟಿಫಿಕೇಟ್ ಮಾಡ್ಸಿ ಇಟ್ಕೊಳ್ಳಿ.

ಕಾಗದಪತ್ರ ಅಂದ್ರೆ ಹೆದರ್ಬೇಡಿ. ರಫ್ತು ಮಾಡೋರಿಗೆ ಬೇಕಾದ ಐಇಸಿ ನಂಬರ್ ಆನ್‌ಲೈನಲ್ಲೇ ಸಿಗತ್ತೆ, ಫೀ 500 ರೂಪಾಯಿ. ಅಂಚೆಯಲ್ಲಾದ್ರೆ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆ ರಫ್ತು ಕೇಂದ್ರ) ಪೋರ್ಟಲಲ್ಲಿ ರಫ್ತಿನ ಬಿಲ್ ತುಂಬ್ಬೇಕು, ಕೊರಿಯರಲ್ಲಾದ್ರೆ ಮಾರಾಟದ ಮಾಲಿಗಿರೋ ಕಸ್ಟಮ್ಸ್ ಫಾರಂ ಸಿಎಸ್‌ಬಿ 5ರಲ್ಲಿ ಕಳ್ಸಿ ಅಂತ ಬಾಯ್ಬಿಟ್ಟು ಕೇಳಿ, ಯಾಕಂದ್ರೆ ಕೌಂಟರಿನವ್ರು ಸುಲಭ ಅಂತ ಗಿಫ್ಟು, ಸ್ಯಾಂಪಲ್‌ಗಳ ಸಿಎಸ್‌ಬಿ 4ರಲ್ಲಿ ಹಾಕ್ಬಿಡ್ತಾರೆ. ಜಿಎಸ್‌ಟಿ ವಿಷ್ಯ ನಿಮ್ಮ ಸಿಎ ಹತ್ರ ಕೇಳಿ.

ದುಡ್ಡು ಬ್ಯಾಂಕಿಂದ ನೇರ ನಿಮ್ಮ ಅಕೌಂಟಿಗೆ ಬಂದ ಮೇಲೆ ಕಳ್ಸೋದು ಎಲ್ಲಕ್ಕಿಂತ ಒಳ್ಳೇದು. ಪೇಪಾಲ್ ಆದ್ರೆ ಅದರಲ್ಲಿ ಕಾಣೋ ವಿಳಾಸಕ್ಕೇ ಕಳ್ಸಿ, "ನಮ್ಮ ತಂಗಿ ಮನೆಗೆ ಕಳ್ಸಿಬಿಡಿ" ಅಂತ ಕೊನೇ ಗಳಿಗೇಲಿ ಮೆಸೇಜ್ ಮಾಡಿದ್ರೂ ಕೇಳ್ಬೇಡಿ, ಮಾರೋರಿಗೆ ಪೇಪಾಲ್ ಕೊಡೋ ರಕ್ಷಣೆ (ಸೆಲ್ಲರ್ ಪ್ರೊಟೆಕ್ಷನ್) ಹೋಗತ್ತೆ. 750 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತಲುಪಿದ್ದಕ್ಕೆ ಸಹಿಯ ದಾಖಲೆನೂ ಕೇಳ್ತಾರೆ, ಬುಕ್ ಮಾಡೋವಾಗ್ಲೇ ಸಹಿ ತಗೊಂಡು ಕೊಡೋ ಸೌಲಭ್ಯ ಹಾಕ್ಸಿ.

ಕಟ್ಟೋವಾಗ ಪ್ರತಿ ಹಂತದ ಫೋಟೋ ತೆಗೀರಿ, ತೂಕದ ಮಷೀನಿನ ಮೇಲೆ ಬಾಕ್ಸ್ ಇಟ್ಟಿದ್ದೂ ಸೇರಿ. ಗಿರಾಕಿಗೂ ಹೇಳಿಡಿ, ಬಿಚ್ಚೋವಾಗ ವಿಡಿಯೋ ಮಾಡ್ಲಿ, ಏನಾದ್ರೂ ಮುರಿದಿದ್ರೆ ಬಾಕ್ಸು ಫೋಮು ಬಿಸಾಡದೇ ಇಟ್ಕೊಂಡು ಅದೇ ದಿನ ಬರವಣಿಗೇಲಿ ದೂರು ಕೊಡ್ಲಿ. ಮೇಲೆ ಹೇಳಿದ ಮಾಂಟ್ರಿಯಲ್ ಒಪ್ಪಂದದಲ್ಲಿ ದೂರು ಕೊಡೋಕೆ ಮಾಲು ಕೈಗೆ ಬಂದ ಮೇಲೆ 14 ದಿನ ಅಂತ ಇದೆ, ಅದು ದಾಟಿದ್ರೆ ಕ್ಲೇಮ್ ಹೋಯ್ತು ಅಂತಲೇ ಲೆಕ್ಕ.