ಬೀಗ ಹಾಕಿದ ಗೇಟಿನ ಮೇಲೆ ಈಗ ಹ್ಯಾಂಕ್ ಆರನ್ ಹೆಸರು

ಅಮೆರಿಕದ ಫ್ಲೋರಿಡಾದ ಜಾಕ್ಸನ್‌ವಿಲ್ ಊರಲ್ಲಿ ಒಂದು ಹಳೇ ಬೇಸ್‌ಬಾಲ್ ಮೈದಾನ ಇದೆ. ಹೆಸರು ಜೆ.ಪಿ. ಸ್ಮಾಲ್ ಪಾರ್ಕ್. ಅದರ ಅಂಗಳಕ್ಕೆ ಈಗ ಹೆನ್ರಿ ಎಲ್. ಆರನ್ ಹೆಸರಿಟ್ಟಿದ್ದಾರೆ. ಜಗತ್ತು ಹ್ಯಾಂಕ್ ಆರನ್ ಅಂತ ಕರೆದದ್ದು ಇವರನ್ನೇ. 1974ರ ಏಪ್ರಿಲ್ 8ರಂದು 715ನೇ ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದು ಹಳೇ ಕಾಲದ ದಿಗ್ಗಜ ಬೇಬ್ ರೂತ್ ದಾಖಲೆ ಮುರಿದರು. ನಿವೃತ್ತಿ ಆಗುವ ಹೊತ್ತಿಗೆ ಲೆಕ್ಕ 755ಕ್ಕೆ ಬಂದಿತ್ತು. ಆ 755ರಲ್ಲಿ ಒಂದೂ ಈ ಮೈದಾನದಲ್ಲಿ ಬಂದದ್ದಲ್ಲ. ಇಲ್ಲಿ ಅವರು ಆಡಿದ್ದು 1953ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಮೈನರ್ ಲೀಗ್‌ನಲ್ಲಿ.

ಮೈನರ್ ಲೀಗ್ ಅಂದರೆ ಪಳಗುವ ಜಾಗ. ಮೇಲಿನ ಹಂತವಾದ ಮೇಜರ್ ಲೀಗ್‌ನ ದೊಡ್ಡ ತಂಡಗಳು ಹುಡುಗರನ್ನು ಸಣ್ಣ ಊರುಗಳ ತಂಡಗಳಿಗೆ ಕಳಿಸುತ್ತವೆ. ಅಲ್ಲಿ ಆಡಿ ಗೆದ್ದವರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗ್ತಾರೆ. ಜಾಸ್ತಿ ಜನ ಅಲ್ಲೇ ಉಳೀತಾರೆ.

ಆರನ್ ಹುಟ್ಟಿದ್ದು ಅಲಬಾಮಾದ ಮೊಬೀಲ್‌ನಲ್ಲಿ, 1934ರಲ್ಲಿ. ಕಪ್ಪು ಜನರಿಗೆಂದೇ ಬೇರೆ ಲೀಗ್ ಇದ್ದ ಕಾಲ ಅದು. ಅದರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡಕ್ಕೆ ಆಡುತ್ತಿದ್ದ ಹುಡುಗನನ್ನು 1952ರಲ್ಲಿ ಮೇಜರ್ ಲೀಗ್‌ನ ಬ್ರೇವ್ಸ್ ತಂಡ ಕೊಂಡುಕೊಂಡಿತು. ಮೊದಲು ಕಳಿಸಿದ್ದು ಉತ್ತರದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಎಂಬ ಊರಿಗೆ. ಅಲ್ಲಿ ಕಪ್ಪು ಜನ ಕಾಣಸಿಗುವುದೇ ಅಪರೂಪ. ಊರಿನವರು ಕೆಟ್ಟದಾಗಿ ನಡೆಸಿಕೊಂಡರು ಅಂತಲ್ಲ. ಆದರೆ ಅಲ್ಲಿವರೆಗೆ ಬಿಳಿಯರ ಜೊತೆ ಕೂತು ಮಾತಾಡಿಯೇ ಗೊತ್ತಿಲ್ಲದ ಹದಿನೆಂಟರ ಹುಡುಗನಿಗೆ ಅಲ್ಲಿಯ ಮೌನವೇ ಭಾರವಾಯಿತು. ಮನೆಗೆ ಫೋನ್ ಮಾಡಿ, ವಾಪಸ್ ಬಂದುಬಿಡ್ತೀನಿ ಅಂದ. ಫೋನಿನ ಆ ಕಡೆ ಅಣ್ಣ ಹರ್ಬರ್ಟ್ ಇದ್ದ. ಇಂಥ ಅವಕಾಶ ಬಿಟ್ಟು ಬಂದರೆ ಹುಚ್ಚುತನ ಅಂತ ಬುದ್ಧಿ ಹೇಳಿದ. ಹುಡುಗ ಉಳಿದ. 87 ಆಟಗಳಲ್ಲಿ ಬ್ಯಾಟಿಂಗ್ ಸರಾಸರಿ .336, ಅಂದರೆ ಮೂರು ಸಲ ಬ್ಯಾಟ್ ಹಿಡಿದರೆ ಒಂದು ಸಲ ಹಿಟ್. ನಾರ್ದರ್ನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಎನ್ನುವ ಗೌರವವೂ ಬಂತು.

ಆ ಫೋನ್ ಕರೆಯ ಬಗ್ಗೆ ಓದಿದಾಗಲೆಲ್ಲ ನನಗೆ ಎದೆ ಝಲ್ ಅನ್ನುತ್ತದೆ. ಅಣ್ಣ ಆವತ್ತು ಮನೆಯಲ್ಲಿ ಇಲ್ಲದಿದ್ದರೆ?

ಮರುವರ್ಷ ಜಾಕ್ಸನ್‌ವಿಲ್. ಇದು ದಕ್ಷಿಣ. ಇಲ್ಲಿಯ ಕಥೆಯೇ ಬೇರೆ, ಮತ್ತು ಅದು ಆರನ್ ಬರುವ ಏಳು ವರ್ಷ ಮೊದಲೇ ಶುರುವಾಗುತ್ತದೆ. ಆಗ ಮೈದಾನದ ಹೆಸರು ಡರ್ಕೀ ಫೀಲ್ಡ್. 1946ರ ಮಾರ್ಚ್‌ನಲ್ಲಿ ಮಾಂಟ್ರಿಯಲ್ ರಾಯಲ್ಸ್ ತಂಡ ಇಲ್ಲಿ ಆಡಬೇಕಿತ್ತು. ಆ ತಂಡದಲ್ಲಿ ಜಾಕಿ ರಾಬಿನ್ಸನ್ ಇದ್ದರು. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಮೇಜರ್ ಲೀಗ್‌ನ ಬಣ್ಣದ ಗೋಡೆಯನ್ನು ಮರುವರ್ಷ ಒಡೆದವರು ಇವರೇ. ಆದರೆ ಕಪ್ಪು, ಬಿಳಿ ಆಟಗಾರರು ಒಟ್ಟಿಗೆ ಆಡುವ ಹಾಗಿಲ್ಲ ಅಂತ ಊರಿನ ಅಧಿಕಾರಿಗಳು ಪಟ್ಟು ಹಿಡಿದರು. ಮೈದಾನಕ್ಕೆ ಬೀಗ ಬಿತ್ತು. ಆಟ ನಡೆಯಲೇ ಇಲ್ಲ.

1953ರಲ್ಲಿ ಅದೇ ಗೇಟು ದಾಟಿ ಆರನ್ ಒಳಗೆ ಬಂದರು. ಜೊತೆಗೆ ಹೊರೇಸ್ ಗಾರ್ನರ್ ಮತ್ತು ಪೋರ್ಟೊರಿಕೊದ ಫೀಲಿಕ್ಸ್ ಮಂಟೀಯಾ. ಜಾಕ್ಸನ್‌ವಿಲ್ ತಂಡ ಆಡುತ್ತಿದ್ದದ್ದು ಸೌತ್ ಅಟ್ಲಾಂಟಿಕ್ ಲೀಗ್ ಎಂಬ ಮೈನರ್ ಲೀಗ್‌ನಲ್ಲಿ. 1904ರಲ್ಲಿ ಶುರುವಾದ ಅದರಲ್ಲಿ ಅಲ್ಲಿವರೆಗೆ ಒಬ್ಬ ಕಪ್ಪು ಆಟಗಾರನೂ ಆಡಿರಲಿಲ್ಲ. ಆ ವರ್ಷ ಸವಾನಾ ತಂಡದಲ್ಲೂ ಇಬ್ಬರು ಬಂದರು. ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ ಊರುಗಳಲ್ಲಿ ಆಟ. ನೋಡುವ ಜನರಿಗೂ ಬಣ್ಣ ನೋಡಿ ಬೇರೆ ಬೇರೆ ಜಾಗ. ಸೀಟುಗಳ ಕಡೆಯಿಂದ ಬೈಗುಳ, ಬೆದರಿಕೆ.

ಆಟ ಮುಗಿದ ಮೇಲಿನ ಹೊತ್ತನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ತಂಡದ ಬಸ್ಸು ಹೋಟೆಲಿನ ಮುಂದೆ ನಿಲ್ಲುತ್ತದೆ. ಬಿಳಿ ಆಟಗಾರರು ಇಳಿದು ಒಳಗೆ ಊಟಕ್ಕೆ ಹೋಗುತ್ತಾರೆ. ಈ ಮೂವರು ಬಸ್ಸಿನಲ್ಲೇ ಕೂತಿರಬೇಕು, ಯಾರಾದರೂ ಊಟ ತಂದು ಕೊಡುವವರೆಗೆ. ರಾತ್ರಿ ಮಲಗಲು ಕಪ್ಪು ಜನರ ಬೀದಿಯಲ್ಲಿ ಯಾರದೋ ಮನೆ. ತಂಡದ ಮ್ಯಾನೇಜರ್ ಬೆನ್ ಗೆರಾಟಿ ಬಿಳಿಯರು. ಅವರು ಆ ಮನೆಗಳಿಗೇ ಹೋಗಿ ಹುಡುಗರ ಜೊತೆ ಕೂತು ಆಟದ ಬಗ್ಗೆ ಮಾತಾಡುತ್ತಿದ್ದರು. ಆರನ್ ಅವರನ್ನು ಕೊನೆವರೆಗೂ ಮರೆಯಲಿಲ್ಲ.

ಅಷ್ಟರ ನಡುವೆಯೂ ಹುಡುಗ ಬ್ಯಾಟ್ ಬೀಸಿದ್ದು ಹೇಗೆ! ಸರಾಸರಿ .362, ಅದು ಲೀಗ್‌ನಲ್ಲೇ ಮೊದಲು. 22 ಹೋಮ್ ರನ್. 125 ರನ್ ಬರಲು ಅವರ ಬ್ಯಾಟೇ ಕಾರಣ. ಲೀಗ್‌ನ ಅತ್ಯಂತ ಬೆಲೆಬಾಳುವ ಆಟಗಾರ ಪ್ರಶಸ್ತಿಯೂ ಅವರಿಗೇ. 1954ರ ಏಪ್ರಿಲ್‌ಗೆ ಮಿಲ್ವಾಕಿ ಬ್ರೇವ್ಸ್ ಪರ ಮೇಜರ್ ಲೀಗ್‌ಗೆ ಕಾಲಿಟ್ಟರು.

ಊರುಗಳಿಗೆ ಇದೆಲ್ಲ ನೆನಪಾದದ್ದು ತುಂಬಾ ತಡವಾಗಿ. ಓ ಕ್ಲೇರ್‌ನ ಕಾರ್ಸನ್ ಪಾರ್ಕ್ ಮೈದಾನದ ಹೊರಗೆ ಆರನ್ ಅವರ ಕಂಚಿನ ಪ್ರತಿಮೆ ನಿಂತದ್ದು 1994ರಲ್ಲಿ, ಅವರು ಅಲ್ಲಿ ಆಡಿ 42 ವರ್ಷ ಆದ ಮೇಲೆ. ಅನಾವರಣಕ್ಕೆ ಅವರೇ ಬಂದಿದ್ದರು. ದಾಖಲೆ ಮುರಿದ ನಲವತ್ತರ ಹೀರೋನನ್ನು ಆ ಊರು ಕಂಚಿನಲ್ಲಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ತನ್ನ ತಂಡದ ಸಮವಸ್ತ್ರ ತೊಟ್ಟ ಆ ಹುಡುಗನನ್ನೇ. ನನಗೆ ಅದು ತುಂಬಾ ಸರಿ ಅನ್ನಿಸುತ್ತದೆ. ಜಾಕ್ಸನ್‌ವಿಲ್ ಇನ್ನೂ ತಡಮಾಡಿತು. ಅಂಗಳಕ್ಕೆ ಅವರ ಹೆಸರು ಬಂದದ್ದು 2021ರ ಜನವರಿಯಲ್ಲಿ ಅವರು ತೀರಿಕೊಂಡ ನಂತರ. ಆ ಹೆಸರಿನ ಹಲಗೆ ಅವರ ಕಣ್ಣಿಗೆ ಬೀಳಲೇ ಇಲ್ಲ.

ಹಲಗೆಯ ಮೇಲಿರುವುದು ಒಬ್ಬರ ಹೆಸರು. 1953ರಲ್ಲಿ ಆ ಬಸ್ಸಿನಲ್ಲಿ ಊಟಕ್ಕೆ ಕಾದವರು ಮೂವರು. ಮಂಟೀಯಾ ಮುಂದೆ ಮೇಜರ್ ಲೀಗ್‌ನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಆಡಿದರು. ಹೊರೇಸ್ ಗಾರ್ನರ್ ಅದೇ ಗೇಟು ದಾಟಿದರು, ಅದೇ ಬೈಗುಳ ಕೇಳಿದರು. ಮೇಜರ್ ಲೀಗ್‌ನ ಒಂದೇ ಒಂದು ಆಟಕ್ಕೂ ಅವರಿಗೆ ಕರೆ ಬರಲಿಲ್ಲ.